ಹಚ್ಚಿ ಕಿತ್ತ ಪ್ರಕಟಣೆ

ನಗರಸಭೆ ಕಚೇರಿಯಲ್ಲಿ ಎಲ್ಲರೂ ಅವನನ್ನು ಗೋಂದಣ್ಣ ಅಂತಲೇ ಕರೆಯುತ್ತಿದ್ದರು. ದಿನಗೂಲಿಯವನು. ಹೊಸ ನಿಯಮ ಮಾಡುವ ಮೊದಲು ಅದರ ಕರಡನ್ನು ಬೀದಿಯ ಗೋಡೆಗೆ ಹಚ್ಚಬೇಕು, ತಕರಾರಿದ್ದವರು ತಿಂಗಳೊಳಗೆ ಬಂದು ಹೇಳಬೇಕು ಎಂಬುದು ಕಾನೂನು. ಬೀದಿ ಏಳುವ ಮೊದಲೇ ಗೋಂದಣ್ಣ ಹಚ್ಚುತ್ತಿದ್ದ. ಗುಮಾಸ್ತ ಫೋಟೋ ತೆಗೆಯುತ್ತಿದ್ದ. ಆಮೇಲೆ ಗೋಂದಣ್ಣನೇ ಕೀಳುತ್ತಿದ್ದ. ಕಾನೂನಿಗೆ ಜನ ಯಾಕೆ, ಫೋಟೋ ಸಾಕು.

"ಅಂಟು ತೆಳ್ಳಗಿರಲಿ, ಕೀಳೋಕೆ ತಡ ಆಗಬಾರದು," ಅನ್ನುತ್ತಿದ್ದ ಗುಮಾಸ್ತ.

"ಏನು ಬರೆದಿದೆ ಸಾರ್ ಇದರಲ್ಲಿ?" ಎಂದು ಒಮ್ಮೆ ಕೇಳಿದ್ದಕ್ಕೆ, "ಓದೋಕೆ ಸಂಬಳ ಕೊಡ್ತೀವಾ ನಿಂಗೆ?" ಎಂದಿದ್ದ. ಅಂದಿನಿಂದ ಗೋಂದಣ್ಣ ಓದು ಬಂದರೂ ಓದಲಿಲ್ಲ. ಬಾಯಿ ಬಿಟ್ಟರೆ ಮಕ್ಕಳ ಹೊಟ್ಟೆಗೆ ತಣ್ಣೀರು ಬಟ್ಟೆ.

ಒಂದು ಬೆಳಿಗ್ಗೆ ಅವನ ಅಕ್ಕನ ಇಸ್ತ್ರಿ ಗಾಡಿಯನ್ನು ಲಾರಿಗೆ ಎತ್ತಿಹಾಕಿದರು. ಬೀದಿಯಲ್ಲಿ ಇದ್ದಿಲು ಇಸ್ತ್ರಿ ಕೂಡದು, ಹೊಸ ನಿಯಮವಂತೆ. ಗಂಡ ಸತ್ತ ಮೇಲೆ ಆ ಗಾಡಿಯೇ ಅವಳಿಗೆ ಅನ್ನ. ಕೆಂಡ ಆರದ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡೇ ಅವಳು ಕಚೇರಿಗೆ ಬಂದಳು.

"ನಮ್ಮನ್ನ ಒಂದು ಮಾತು ಕೇಳಬಾರದಿತ್ತಾ ಸ್ವಾಮಿ?"

"ಕೇಳಿದ್ವಲ್ಲಮ್ಮ. ತಿಂಗಳು ಕಾದ್ವಿ, ಒಬ್ಬರೂ ಬರಲಿಲ್ಲ," ಎಂದು ಸಾಹೇಬ ಫೋಟೋ ಮುಂದಿಟ್ಟ.

"ಇದು ನನ್ನ ಗಾಡಿ ಎದುರಿನ ಗೋಡೆ. ದಿನಾ ಅದನ್ನೇ ನೋಡ್ಕೊಂಡು ಇಸ್ತ್ರಿ ಮಾಡಿದೀನಿ. ಈ ಕಾಗದ ಅಲ್ಲಿ ಇರಲೇ ಇಲ್ಲ."

ಅವಳ ಬೆರಳು ಫೋಟೋದ ಅಂಚಿಗೆ ಬಂದು ನಿಂತಿತು. ಅಲ್ಲೊಂದು ಕೈ ಕಾಗದದ ಮೂಲೆಯನ್ನು ಒತ್ತಿ ಹಿಡಿದಿತ್ತು. ಆ ಅಂಗಿತೋಳಿನ ತೇಪೆ ಅವಳೇ ಹಾಕಿದ್ದು. ಬಾಗಿಲಲ್ಲಿ ನಿಂತಿದ್ದ ತಮ್ಮನನ್ನು ಒಮ್ಮೆ ನೋಡಿ ಹೊರಟುಹೋದಳು. ಗೋಂದಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸಂಜೆ ಅವಳ ಮನೆಗೆ ಹೋದ.

"ಬೈಯಕ್ಕ. ಸುಮ್ನಿರಬೇಡ."

"ಬೈದ್ರೆ ಗಾಡಿ ಬರುತ್ತಾ? ನಾಳೆ ಯಾರ ಹೊಟ್ಟೆ ಮೇಲೆ ಹೊಡೀತೀಯ, ಅದು ಹೇಳು."

ಚೀಲದಲ್ಲಿದ್ದ ಹೊಸ ಕಾಗದವನ್ನು ತೆಗೆದು ಮೊದಲ ಸಲ ಓದಿದ. ಬೀದಿಬದಿ ಚಪ್ಪಲಿ ಹೊಲಿಯುವವರ ಸರದಿ. ಅಕ್ಕ ಎದ್ದು, ಒಲೆ ಮೇಲೆ ಹಿಟ್ಟಿನ ಅಂಟು ಕುದಿಯಲಿಟ್ಟಳು. ನೀರು ಕಮ್ಮಿ ಹಾಕಿದಳು.

ಬೆಳಿಗ್ಗೆ ಫೋಟೋ ಆಯಿತು.

"ಕೀಳು," ಎಂದ ಗುಮಾಸ್ತ.

"ಬರ್ತಿಲ್ಲ ಸಾರ್."

ಗುಮಾಸ್ತ ತಾನೇ ಉಗುರಿನಿಂದ ಕೆರೆದ. ಒಂದು ಚೂರೂ ಏಳಲಿಲ್ಲ.

"ನಾಳೆಯಿಂದ ಕೆಲಸಕ್ಕೆ ಬರಬೇಡ."

"ಆಗಲಿ ಸಾರ್."

ಅಷ್ಟರಲ್ಲಿ ಚಪ್ಪಲಿ ಹೊಲಿಯುವ ಮುದುಕ ಬಂದು ಪೆಟ್ಟಿಗೆ ಇಳಿಸಿದ. "ಏನಪ್ಪಾ ಬರೆದಿದೆ ಅದರಲ್ಲಿ?"

ಗೋಂದಣ್ಣ ಬಕೆಟ್ ಕೆಳಗಿಟ್ಟ. ಬೀದಿಗೆಲ್ಲ ಕೇಳುವ ಹಾಗೆ ಓದತೊಡಗಿದ.