ಊರಿನ ಒಂಬತ್ತು, ಇಲ್ಲಿನ ಐದೂವರೆ

ಅಂಟು ಬಿಡುತ್ತಲೇ ಇರಲಿಲ್ಲ. ಅವಳು ರಾಯಭಾರ ಕಚೇರಿಯ ಗೇಟಿನ ಹೊರಗೆ ತುದಿಗಾಲಲ್ಲಿ ನಿಂತು ಸೂಚನಾ ಫಲಕದ ಹಾಳೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಮೇಲಿನ ಎರಡು ಸಾಲು ಸುರುಳಿಯಾಗಿ ಬಂದವು. ಮೂರನೆಯದರಲ್ಲಿದ್ದ ‘ಬೆಳಿಗ್ಗೆ ಒಂಬತ್ತು’ ಮಾತ್ರ ಹಠ ಹಿಡಿದು ಕೂತಿತ್ತು. ನಿನ್ನೆ ಅಂಟಿಸಿದವಳೂ ಅವಳೇ, ಗಾಳಿಗೆ ಹಾರೀತೆಂದು ಇನ್ನೊಂದು ಪದರ ಅಂಟು ಬಳಿದವಳೂ ಅವಳೇ.

“ಏನಮ್ಮಾ, ಗೋಡೆ ಜೊತೆ ಜಗಳಾನಾ?”

ಬೆಚ್ಚಿ ತಿರುಗಿದಳು. ನರಪಿಳ್ಳೆಯೂ ಇಲ್ಲದ ರಸ್ತೆಯಲ್ಲಿ ಒಬ್ಬ ದಢೂತಿ ಆಸಾಮಿ, ಹೆಗಲಿಗೊಂದು ಚೀಲ, ಮುಖಕ್ಕೆ ಮಡಚಿ ಕಟ್ಟಿದ ಕರವಸ್ತ್ರ.

“ಕಚೇರಿ ಮುಚ್ಚಿದೆ. ಏನಿದ್ದರೂ ಫೋನ್ ಮಾಡಿ,” ಬಾಯಿಪಾಠ ಒಪ್ಪಿಸಿದಳು.

“ಅಯ್ಯೋ, ಸೂಚನೆ ಮೇಡಂ! ದನೀಲೇ ಗೊತ್ತಾಯ್ತು. ನಾನು ತಂಗೀ, ಹಡಗಿನ ಅಡುಗೆಯವನು.”

ಅವಳಿಗೂ ಗೊತ್ತಾಯಿತು. ಈ ಪರದೇಶದಲ್ಲಿ ಸಿಕ್ಕಿಬಿದ್ದ ತಮ್ಮವರಿಗೆ ಏನು ಮಾಡಬೇಕು, ಏನು ಕೂಡದು ಎಂದು ದಿನಾ ಬರೆದು ಹಾಕುವುದು ಅವಳ ಕೆಲಸ. ಓದಿಯೂ ಸಮಾಧಾನವಾಗದವರು ಫೋನು ಮಾಡುತ್ತಿದ್ದರು. ಎರಡು ವಾರದಿಂದ ಒಂದು ದಿನವೂ ತಪ್ಪಿಸದವನು ಇವನು.

“ಇವತ್ತು ಬೆಳಿಗ್ಗೆ ಎಂಟೂವರೆಗೇ ವಿಮಾನ ನಿಲ್ದಾಣದ ಎರಡನೇ ಬಾಗಿಲಲ್ಲಿದ್ದೆ. ನೋಡಿದ್ರೆ ಬೀಗ! ಐದೂವರೆಗೇ ಮುಚ್ಚಿದ್ರಂತೆ. ಹಿಂದಿನ ರಾತ್ರಿ ಬಂದು ಮಲಗಿದ್ದೋರೆಲ್ಲ ಹತ್ತಿಕೊಂಡು ಹೋದ್ರು. ಕರ್ಫ್ಯೂ ಮುಗಿದ ಮೇಲೆ ಹೊರಟ ಹನ್ನೊಂದು ಜನ ಪೆದ್ದರ ಥರ ನಿಂತುಬಿಟ್ವಿ.” ಚೀಲದ ಜೇಬಿನಿಂದ ಎಣ್ಣೆಕಲೆಯ ನೋಟುಬುಕ್ಕು ತೆಗೆದ. “ನೀವು ಹೇಳಿದ್ದನ್ನೆಲ್ಲ ಬರ್ಕೊಂಡಿದೀನಿ. ಸೋಮವಾರ, ಇದ್ದಲ್ಲೇ ಇರಿ. ಮಂಗಳವಾರ, ಕೂಡಲೇ ಹೊರಡಿ. ಬುಧವಾರ, ಹೊರಡೋ ಮುಂಚೆ ಕಚೇರಿಗೆ ಬಂದು ವಿಚಾರಿಸಿ. ಗುರುವಾರ, ವಿಚಾರಿಸೋಕೆ ಬರಬೇಡಿ. ನನ್ನ ಅಡುಗೆಮನೇಲಿ ಯಾವನಾದ್ರೂ ಹೀಗೆ ಉಪ್ಪು ಹಾಕು, ಉಪ್ಪು ತೆಗಿ ಅಂದಿದ್ರೆ ಸೌಟಲ್ಲೇ ಬಾರಿಸ್ತಿದ್ದೆ!”

ನಕ್ಕ. ಅವಳು ನಗಲಿಲ್ಲ. ಉಗುರಿನ ಸಂದಿಯ ಅಂಟನ್ನು ಸೀರೆಯ ಅಂಚಿಗೆ ಒರೆಸಿದಳು, ಮತ್ತೆ ಒರೆಸಿದಳು.

“ಶನಿವಾರದ್ದು ನೋಡಿ. ಒಂಬತ್ತು ಅಂತಾನೇ ಬರೆದಿದೀನಿ. ಇಪ್ಪತ್ತೆರಡು ವರ್ಷ ಹಡಗಲ್ಲಿ ಗಂಟೆ ಹೊಡೆಯೋ ಮುಂಚೆ ಊಟ ಇಟ್ಟೋನು ನಾನು. ನಾನೇ ತಪ್ಪು ಓದಿದ್ನಾ ತಂಗೀ?”

“ವಿಚಾರಿಸ್ತೀನಿ,” ಎಂದಳು.

“ಬೇಗ ವಿಚಾರಿಸಿ. ಮುಂದಿನ ತಿಂಗಳು ನಾಲ್ಕಕ್ಕೆ ನಮ್ಮನೆಯವಳ ಆಪರೇಷನ್ನು. ನಾನು ಕಣ್ಣೆದುರು ಇಲ್ಲದೆ ಮಲಗಲ್ಲ ಅಂತ ಕೂತಿದಾಳೆ. ಇಳಿದ ಮೇಲೆ ಹದಿನಾಲ್ಕು ದಿನ ಕೂಡಿ ಹಾಕ್ತಾರಲ್ಲ? ಬುಧವಾರದ ವಿಮಾನಕ್ಕೆ ಹೋದ್ರೂ ಲೆಕ್ಕ ಸರಿಹೋಗತ್ತೆ. ಅದೂ ತಪ್ಪಿದ್ರೆ ಮುಗೀತು.”

ಅವಳು ಒಳಗೆ ಓಡಿದಳು. ಕಾರಿಡಾರಿನಲ್ಲಿ ಚಪ್ಪಲಿ ಸದ್ದು ತನ್ನನ್ನೇ ಅಟ್ಟಿಸಿಕೊಂಡು ಬಂದಂತಿತ್ತು. ಕೋಣೆಯಲ್ಲಿ ಮೂರು ಫೋನುಗಳು ಒಂದರ ಮೇಲೊಂದು ಬಡಿದುಕೊಳ್ಳುತ್ತಿದ್ದವು. ಗೋಡೆಯ ಮೇಲೆ ಎರಡು ಗಡಿಯಾರ, ಒಂದು ಊರಿನದು, ಒಂದು ಇಲ್ಲಿನದು. ಕೇಂದ್ರ ಕಚೇರಿಯಿಂದ ಬರುವ ಪ್ರತಿ ಆದೇಶದಲ್ಲೂ ಇರುವುದು ಊರಿನ ಹೊತ್ತು. ಅದರಿಂದ ಮೂರೂವರೆ ಗಂಟೆ ಕಳೆದು ಇಲ್ಲಿನವರಿಗೆ ಹೇಳಬೇಕು. ಆರು ವರ್ಷದಿಂದ ಕಳೆಯುತ್ತಲೇ ಬಂದಿದ್ದಳು. ಅದೇ ಅಭ್ಯಾಸ ಮನೆಗೂ ಅಂಟಿ, ಹಾಲು ಕಾಯಿಸಲು ಇಟ್ಟರೂ ಮೂರೂವರೆ ಗಂಟೆ ಕಳೆಯುತ್ತಾಳೆಂದು ಅಕ್ಕ ಫೋನಿನಲ್ಲಿ ಆಡಿಕೊಳ್ಳುತ್ತಿದ್ದಳು. ನಿನ್ನೆ ಶನಿವಾರ ಮಾತ್ರ, ಫೋನಿನಲ್ಲಿ ಯಾರೋ ಅಳುತ್ತಿದ್ದಾಗ, ಒಂಬತ್ತು ಬಂದದ್ದನ್ನು ಒಂಬತ್ತೆಂದೇ ಬರೆದುಬಿಟ್ಟಿದ್ದಳು.

“ಕಿತ್ತಾಯ್ತಾ?” ಸಾಹೇಬರು ಕೇಳಿದರು. ಮಾಸ್ಕು ಒಂದೇ ಕಿವಿಗೆ ಜೋತುಬಿದ್ದಿತ್ತು. ಮೂರು ದಿನದಿಂದ ಅದೇ ಅಂಗಿ.

“ಅರ್ಧ ಬಂತು ಸಾರ್.”

“ಆಮೇಲೆ ನೀರು ಹಾಕಿ ನೆನೆಸು. ವೆಬ್‌ಸೈಟಿನಲ್ಲಿ ಐದೂವರೆ ಮಾಡಿಸಿದೀನಿ. ಇದಕ್ಕೊಂದು ಸಹಿ ಹಾಕು, ತಲೆನೋವು ಕಳೆಯತ್ತೆ.”

ಅವರು ಚಾಚಿದ, ಕೇಂದ್ರ ಕಚೇರಿಗೆ ಹೋಗಬೇಕಿದ್ದ ವರದಿಯನ್ನು ಓದಿದಳು. ‘ಸೂಚನೆಯಲ್ಲಿ ಸಮಯ ಸ್ಪಷ್ಟವಾಗಿತ್ತು. ಹನ್ನೊಂದು ಮಂದಿ ಸಕಾಲಕ್ಕೆ ಹಾಜರಾಗಲಿಲ್ಲ.’

“ಹಾಜರಾಗದವರನ್ನ ಪಟ್ಟಿಯ ಕೊನೆಗೆ ಹಾಕ್ತಾರಲ್ಲ ಸಾರ್?”

“ನಿಯಮ.”

“ಅವರ ಮುಂದೆ ಇನ್ನೂರು ಜನ ಇದಾರೆ. ಬುಧವಾರ ಇರೋದು ನಲವತ್ತು ಸೀಟು. ತಪ್ಪು ಕಚೇರಿದು ಅಂತ ಬರೆದ್ರೆ ಇವರೇ ಮೊದಲು ಹೋಗ್ತಾರೆ.”

“ಕಚೇರಿದು ಅಂದ್ರೆ ಯಾರದಮ್ಮಾ? ಗೋಡೆದಾ? ಮೇಜಿಂದಾ?” ಸಾಹೇಬರು ಹಣೆ ಉಜ್ಜಿಕೊಂಡರು. “ನಿನ್ನ ಕರಾರು ಈ ತಿಂಗಳಿಗೆ ಮುಗಿಯತ್ತೆ. ಕೆಲಸ ಹೋದ್ರೆ ವೀಸಾ ಹೋಗತ್ತೆ. ವೀಸಾ ಹೋದ್ರೆ, ಏನು ಮಾಡಲಿ ಅಂತ ನಿನಗೆ ನೀನೇ ಫೋನ್ ಮಾಡಿಕೊಳ್ಳಬೇಕಾಗತ್ತೆ. ಇದೊಂದು ಸಹಿ ಹಾಕು, ಕಾಯಂ ಮಾಡೋ ಪತ್ರ ಸಂಜೆಯೊಳಗೆ ಕಳಿಸ್ತೀನಿ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು.”

ಸುಳ್ಳೇನೂ ಅಲ್ಲ. ಮನುಷ್ಯ ಒಳ್ಳೆಯವನೇ. ಅದೇ ಅವಳಿಗೆ ಕಷ್ಟವಾಗಿದ್ದು. ಕುರ್ಚಿಯಲ್ಲಿ ಕೂತಳು, ಎದ್ದಳು, ಬಡಿದುಕೊಳ್ಳುತ್ತಿದ್ದ ಫೋನನ್ನು ಎತ್ತಿ ಹಾಗೇ ಇಟ್ಟಳು. ಕಾಯಂ. ಆರು ವರ್ಷದಿಂದ ಬಾಯಿ ಬಿಟ್ಟು ಕೇಳದೆ ಕಾದಿದ್ದ ಪದ. ಕೇಂದ್ರದವರು ಯಾವತ್ತೂ ಗೇಟಿನ ಹಾಳೆ ನೋಡುವುದಿಲ್ಲ. ಹನ್ನೊಂದು ಜನರೂ ತಮ್ಮದೇ ತಪ್ಪೆಂದು ನಂಬಿಕೊಂಡು ಸುಮ್ಮನಾಗಬಹುದು. ಒಬ್ಬನಂತೂ ಆಗಲೇ ಅರ್ಧ ನಂಬಿದ್ದಾನೆ.

ಕಿಟಕಿಗೆ ಹೋದಳು.

ಅಡುಗೆಯವನು ಚೀಲವನ್ನು ಕಾಲುದಾರಿಯ ಮೇಲಿಟ್ಟು ಫಲಕದೆದುರು ನಿಂತಿದ್ದ. ಅವಳು ಕೀಳಲಾಗದೆ ಬಿಟ್ಟ ತುಂಡನ್ನು ನೋಡುತ್ತಿದ್ದ. ನಾಲ್ಕು ಹೆಜ್ಜೆ ಹಿಂದೆ ಸರಿದು ಬಲಗಣ್ಣು ಮುಚ್ಚಿಕೊಂಡು ಓದಿದ. ಎಡಗಣ್ಣು ಮುಚ್ಚಿಕೊಂಡು ಓದಿದ. ನೋಟುಬುಕ್ಕನ್ನು ಮೂಗಿನ ಹತ್ತಿರ ತಂದ, ದೂರ ಹಿಡಿದ. ಕರವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡು ಮತ್ತೆ ಬಲಗಣ್ಣಿನಿಂದ ಶುರುಮಾಡಿದ.

ಹಿಂದೆ ಸಾಹೇಬರು ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು. ಪೆನ್ನು ಅವಳ ಮೊಣಕೈಯ ಹತ್ತಿರ ಬಂದು ನಿಂತಿತು.

“ಹಾಕಮ್ಮಾ. ಒಂದು ನಿಮಿಷದ ಕೆಲಸ.”

“ಹಾಕಲ್ಲ ಸಾರ್.”