ಅಮೃತನ ಕೂಗು

ಕುರಿ ಕಾಯುವವನಿಗೆ ಗಿಡ ಕಾಯುವ ವಿದ್ಯೆ ಕಲಿಸುತ್ತೇವೆಂದು ಅರಣ್ಯದವರು ಎಂಬತ್ನಾಲ್ಕರಲ್ಲಿ ರಾಜೇಶ್ವರದ ಅಮೃತನನ್ನು ಹುಮನಾಬಾದಿನ ಸಸಿತೋಟಕ್ಕೆ ಕರೆದೊಯ್ದರು. ಕಲಿಯದೆ ಮಾಡುವುದೇನು? ಅವನ ಕುರಿ ಮೇಯುತ್ತಿದ್ದ ಊರ ಗೋಮಾಳ, ಆ ಗಾಯರಾಣಕ್ಕೇ ಸುತ್ತ ಅಗಳು ತೋಡಿ ಗಿಡ ನೆಡಲು ನಿಂತಿದ್ದರು. ಹಿಂಡನ್ನು ಮಂಠಾಳದ ಗುಂಡಪ್ಪನಿಗೆ ಮಾರಿ, ಚೀಲಕ್ಕೆ ಮಣ್ಣು ತುಂಬುವುದು, ಬೇರು ನೋಯದಂತೆ ಸಸಿ ಇಳಿಸುವುದು, ಎಲ್ಲ ಕಲಿತು ಬಂದು ಅದೇ ಗಾಯರಾಣದಲ್ಲಿ ಸಸಿ ನೆಟ್ಟು ಕಾಯತೊಡಗಿದ.

"ಕುರಿ ಮಾರಿ ಗಿಡ ಕಾಯಾಕತ್ತೀರಲ್ರಿ, ನಾಳಿ ಅವರು ಬ್ಯಾಡ ಅಂದ್ರ ತಿನ್ನೂದೇನು? ಬೇವಿನ ಸೊಪ್ಪೇನು?" ಎಂದು ಹೆಂಡತಿ ಜಿಜಾಬಾಯಿ ಜಗಳ ತೆಗೆದಳು.

"ಮಳಿಗಾಲ ಮುಗಿಯೂತನಾ ಸಸಿ ಉಳದ್ರ ನೌಕರಿ ಪಕ್ಕಾ ಅಂದಾರ. ಸುಮ್ಮನಿರ."

ಸಸಿ ಉಳಿದವು, ಮೊಣಕಾಲೆತ್ತರ ಬೆಳೆದವು. ನೋಡಿ ನೌಕರಿ ಖಾಯಂ ಮಾಡಲು ಸಾಹೇಬರೇ ಬಂದರು. ಜೀಪು ಒಳಬಂದ ಗೇಟು ಹಾಗೇ ತೆರೆದಿತ್ತು. "ಶಾಬಾಸ್!" ಎಂದ ಸಾಹೇಬರು, ದೂರದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರನ್ನು ಕರೆಯಲು ಹೇಳಿದರು. ಅಮೃತ ಬಾಯಿಗೆ ಕೈ ಹಿಡಿದು ಕೂಗಿದ. ಹಾಳು ನಾಲಿಗೆ! ಹುಟ್ಟುಗುಣ ಸುಟ್ಟರೂ ಹೋಗದಂತೆ. ಹೊರಟದ್ದು ಹಿಂಡು ಕರೆಯುವ ಹಳೆಯ ಕೂಗು.

ಹೊರಗೆ ರಸ್ತೆಯಲ್ಲಿ ಗುಂಡಪ್ಪ ಅದೇ ಹಿಂಡನ್ನು ಹೊಡೆದುಕೊಂಡು ಹೊರಟಿದ್ದ. ಕುರಿಗಳು ಕತ್ತೆತ್ತಿದವು, ಗೇಟಿನೊಳಗೆ ನುಗ್ಗಿಯೇಬಿಟ್ಟವು. ಚಿಗುರು ಕಂಡ ಮೇಲೆ ಕೇಳಬೇಕೆ? ಜವಾನರು ಬಡಿಗೆ ಬೀಸಿದಷ್ಟೂ ಚೆದುರಿ ಸಸಿಗಳೊಳಗೆ ಹೊಕ್ಕವು.

"ಯಾರ ಕುರಿ ಇವು?" ಸಾಹೇಬರು ಅರಚಿದರು.

"ಗುಂಡಪ್ಪಂದು ರೀ. ದೇವ್ರಾಣಿ ನಂದಲ್ರಿ!"

ದಂಡಕ್ಕೆ ಹೆದರಿದ ಗುಂಡಪ್ಪ ರಸ್ತೆಯಲ್ಲಿ ದಾರಿಹೋಕನಂತೆ ಬೇರೆ ಕಡೆ ಮುಖ ಮಾಡಿ ನಿಂತಿದ್ದ.

ಸುಮ್ಮನಿದ್ದಿದ್ದರೆ ಅಮೃತನ ಮಾತು ಉಳಿಯುತ್ತಿತ್ತು, ಸಸಿ ಉಳಿಯುತ್ತಿರಲಿಲ್ಲ. ಕೈಯಾರೆ ನೆಟ್ಟ ಸಾಲು ಕಣ್ಣೆದುರೇ ಬೋಳಾಗುತ್ತಿತ್ತು. ಅಮೃತ ತಡೆಯಲಾರದೆ ಬಾಯಿಗೆ ಕೈ ಹಿಡಿದ. ಮತ್ತೆ ಕೂಗಿದ. ಕುರಿಗಳೆಲ್ಲ ಬಾಯಲ್ಲಿದ್ದ ಎಲೆ ಸಮೇತ ಬಂದು ಅವನನ್ನು ಸುತ್ತಿ ನಿಂತವು.

"ಭಲೇ! ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು! ಕುರಿ ಮಾರಿದೆ ಅಂತ ಹೇಳಿ ಕೆಲಸಕ್ಕೆ ಸೇರಿದೆಯಲ್ಲೋ, ಸುಳ್ಳ! ಇವನ್ನೆಲ್ಲ ಕರಕೊಂಡು ತೊಲಗು. ಮತ್ತೆ ಒಳಗೆ ಕಾಲಿಡಬೇಡ!"

ಅಮೃತ ಮುಂದೆ, ಹಿಂಡು ಹಿಂದೆ. ಗೇಟು ದಾಟಿದವನು, ಕಾಲು ಹಿಡಿದಾದರೂ ನಿಜ ನಂಬಿಸೋಣವೆಂದು ತಿರುಗಿದ. ಹಿಂಡೂ ತಿರುಗಿತು.

"ಹೋಗಬ್ಯಾಡಪಾ, ನೀ ಹೋದ್ರ ಇವೂ ಒಳಗ ಹೋಗ್ತಾವ," ಗುಂಡಪ್ಪ ಅವನ ಕೈ ಹಿಡಿದ. "ಮಂಠಾಳತನಾ ನೀನೇ ಮುಂದ ನಡಿ."

ಅಮೃತ ಅಳುತ್ತಲೇ ನಡೆದ. ಬೇರೆಯವನ ಕುರಿಗಳು ಅವನ ಬೆನ್ನು ಬಿಡಲಿಲ್ಲ.