ಚಾಸಿಯೊಳಗಿನ ನಟ್ಟು

ನಾನು ಅಣ್ಣನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಆ ದಿನ ಅತ್ತಿಗೆ ನನ್ನ ಹೊಲಿಗೆ ಅಂಗಡಿಗೆ ಬಂದು, "ಗ್ಯಾರೇಜಲ್ಲಿ ಒಂದು ಕಾರಿನ ನಟ್ಟು ಬಿಟ್ಕೊಂಡಿದೆಯಂತೆ. ಕೈ ಹಾಕೋಕೆ ನೀನೇ ಬೇಕಂತೆ," ಎಂದರು.

"ಕರೆಯೋಕೆ ಅವನಿಗೆ ಬಾಯಿಲ್ವಾ?"

"ನಿಮ್ಮಿಬ್ಬರಿಗೂ ಬಾಯಿ ಇದೆ. ಅದಕ್ಕೇ ಈ ಗತಿ."

ಕತ್ತರಿ ಕೆಳಗಿಟ್ಟು ಹೊರಟೆ.

ಕಾರಿನ ಚಾಸಿ ಅಂದರೆ ತಗಡಿನ ಉದ್ದನೆಯ ಪೆಟ್ಟಿಗೆ. ಅದರೊಳಗೆ ನಟ್ಟನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ, ಹೊರಗಿನಿಂದ ಬೋಲ್ಟು ಬಿಗಿಯುತ್ತಾರೆ. ಬೆಸುಗೆ ಬಿಟ್ಟರೆ ಬೋಲ್ಟಿನ ಜೊತೆ ನಟ್ಟೂ ಸುತ್ತುತ್ತದೆ, ಬಿಚ್ಚುವುದಕ್ಕೂ ಆಗುವುದಿಲ್ಲ, ಬಿಗಿಯುವುದಕ್ಕೂ ಆಗುವುದಿಲ್ಲ. ಒಂದು ಗೇಣು ಆಚೆ ಪೆಟ್ಟಿಗೆಗೆ ಮೊಟ್ಟೆಯಾಕಾರದ ತೂತಿರುತ್ತದೆ. ಅಣ್ಣನ ಕೈ ಅದರೊಳಗೆ ಅರ್ಧವೂ ಹೋಗದು. ನನ್ನದು ಮಣಿಕಟ್ಟು ದಾಟಿ ಹೋಗುತ್ತಿತ್ತು. ಹದಿನಾರನೇ ವಯಸ್ಸಿನಿಂದ ನಾನು ಕಾರಿನಡಿ ಮಲಗಿ, ಕಾಣದ ನಟ್ಟನ್ನು ಸ್ಪ್ಯಾನರಿನಲ್ಲಿ ಹಿಡಿಯುತ್ತಿದ್ದೆ, ಅವನು ಬೋಲ್ಟು ತಿರುಗಿಸುತ್ತಿದ್ದ. ಒಳಗೆ ತರಚುತ್ತಿತ್ತು, ಕುಯ್ಯುತ್ತಿತ್ತು. ನಾನು ಬಾಯಿ ಬಿಡುತ್ತಿರಲಿಲ್ಲ. ಅಯ್ಯೋ ಅಂದರೆ ಮುಂದಿನ ಸಲ ಕರೆಯುವುದಿಲ್ಲವೇನೋ ಎಂಬ ಭಯ. ಅವನು ಕರೆಯುವುದು ನನಗೆ ಅಷ್ಟು ಇಷ್ಟವಿತ್ತು.

ಎರಡು ವರ್ಷದ ಹಿಂದೆ ಗಿರಾಕಿಯೊಬ್ಬಳು, "ಇವರೂ ಮೆಕ್ಯಾನಿಕ್ಕಾ?" ಎಂದು ಕೇಳಿದಳು. ಅಣ್ಣ ನಕ್ಕು, "ಇಲ್ಲ, ಇವಳು ಹಿಡ್ಕೊಳ್ತಾಳೆ, ಅಷ್ಟೇ," ಅಂದ. ಆ 'ಅಷ್ಟೇ'ಗೆ ನನ್ನ ಮೈಯೆಲ್ಲ ಉರಿದುಹೋಯಿತು. ಅವನು ಆ ಮಾತನ್ನು ವಾಪಸ್ ತೆಗೆದುಕೊಳ್ಳುವವರೆಗೂ ಗ್ಯಾರೇಜಿಗೆ ಕಾಲಿಡಲಾರೆ ಎಂದು ಅತ್ತಿಗೆಗೆ ಹೇಳಿದ್ದೆ. ಈಗ ಕಾಲಿಟ್ಟಿದ್ದೆ. ಅವನು ಮಾತ್ರ ಆ ಮಾತನ್ನು ಇನ್ನೂ ವಾಪಸ್ ತೆಗೆದುಕೊಂಡಿರಲಿಲ್ಲ.

"ಬಂದ್ಯಾ," ಅಂದ ಅಣ್ಣ.

"ಕಾಣ್ತಿಲ್ವಾ?"

ಕಾರಿನಡಿ ಮಲಗಿ ತೂತಿಗೆ ಕೈ ಹಾಕಿದೆ. ಬೆರಳ ಗಿಣ್ಣುಗಳು ತೂತಿನ ಬಾಯಲ್ಲೇ ನಿಂತವು. ಸೋಪು ಹಚ್ಚಿದೆ, ಗ್ರೀಸು ಮೆತ್ತಿದೆ. ಹೋಗಲಿಲ್ಲ. ಹೊಲಿಗೆಯಿಂದ ಗಿಣ್ಣುಗಳು ಊದಿಕೊಂಡಿದ್ದು ಗೊತ್ತಿತ್ತು, ಇಷ್ಟು ಊದಿವೆ ಎಂದು ಗೊತ್ತಿರಲಿಲ್ಲ. ಅಳು ಬಂತು. ಕಾರಿನಡಿ ಇದ್ದದ್ದು ಒಳ್ಳೆಯದಾಯಿತು.

"ಆಗಲ್ಲ," ಅಂದೆ.

ಅವನು ಟಾರ್ಚು ಎತ್ತಿಕೊಂಡ. "ಹಾಗಾದ್ರೆ ತಗಡು ಕುಯ್ಯಲೇಬೇಕು. ಒಳಗೆ ವೈರು ಎಲ್ಲಿ ಹೋಗಿದೆ?"

ಇಪ್ಪತ್ತು ವರ್ಷ ಆ ಪೆಟ್ಟಿಗೆಗಳನ್ನು ರಿಪೇರಿ ಮಾಡಿದವನಿಗೆ ಒಳಗಿನದು ಗೊತ್ತಿರಲಿಲ್ಲ. ನಾನು ಜೇಬಿನಿಂದ ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣ ತೆಗೆದು, ಪೆಟ್ಟಿಗೆಯ ಪಕ್ಕದ ತಗಡಿನ ಮೇಲೆ ಮೂರು ಗೆರೆ ಎಳೆದೆ. "ವೈರು ಮೇಲ್ಗಡೆ ಇದೆ. ಈ ಗೆರೆ ದಾಟಬೇಡ. ನಾಲ್ಕನೇ ಕಡೆ ಹಾಗೇ ಬಿಡು, ಮಡಚೋಕೆ."

ಅವನು ಬ್ಯಾಟರಿಯ ವೈರು ಬಿಚ್ಚಿ ಗ್ರೈಂಡರ್ ಹಿಡಿದು ನನ್ನ ಪಕ್ಕ ಬಂದು ಮಲಗಿದ. ಗೆರೆಯ ಮೇಲೇ ಕುಯ್ದ, ಕೂದಲೆಳೆಯಷ್ಟೂ ಆಚೀಚೆ ಹೋಗಲಿಲ್ಲ. ತಗಡನ್ನು ಕಿಟಕಿಯ ಬಾಗಿಲಿನ ಹಾಗೆ ಮಡಚಿ, ಒಳಗೆ ಟಾರ್ಚು ಬಿಟ್ಟ. ವೈರು ನಾನು ಹೇಳಿದ ಕಡೆಯೇ ಇತ್ತು.

ಆದರೆ ಅವನು ವೈರು ನೋಡುತ್ತಿರಲಿಲ್ಲ. ನಾನು ಕೈ ಹಾಕುವ ತೂತಿನ ಅಂಚು ಒಳಗಡೆಯಿಂದ ಕಾಣುತ್ತಿತ್ತು. ಅದನ್ನು ಯಾರೂ ನುಣುಪು ಮಾಡಿರಲಿಲ್ಲ, ತಗಡು ಬ್ಲೇಡಿನ ಹಾಗೆ ಒಳಕ್ಕೆ ಚಾಚಿತ್ತು. ಅಣ್ಣ ಅದರ ಮೇಲೆ ಬೆರಳು ಎಳೆದ. ರಕ್ತ ಬಂತು. ಟಾರ್ಚನ್ನು ನನ್ನ ಮಣಿಕಟ್ಟಿನ ಕಡೆ ತಿರುಗಿಸಿದ. ಅಲ್ಲಿ ಹಳೆಯ ಬಿಳಿ ಗೆರೆಗಳಿದ್ದವು.

"ಎಲ್ಲಾ ಕಾರಲ್ಲೂ ಹೀಗೇನಾ?"

"ಹೆಚ್ಚುಕಮ್ಮಿ."

"ಒಂದು ಸಲನೂ ಹೇಳ್ಲಿಲ್ವಲ್ಲೇ."

"ನೀನು ಕೇಳ್ಲಿಲ್ಲ."

ಅವನು ಹಳೆಯ ನಟ್ಟು ತೆಗೆದ, ಹೊಸದನ್ನು ಬೋಲ್ಟಿನಿಂದ ಜಾಗದಲ್ಲಿ ಹಿಡಿಸಿ ಸುತ್ತ ಬೆಸುಗೆ ಹಾಕಿದ. ಇನ್ನು ಕಿಟಕಿ ಮುಚ್ಚುವುದಷ್ಟೇ ಬಾಕಿ ಅಂದುಕೊಂಡೆ. ಅವನು ಅರ ಎತ್ತಿಕೊಂಡು ತೂತಿನ ಅಂಚನ್ನು ಒಳಗಿನಿಂದ ಉಜ್ಜತೊಡಗಿದ.

"ಇನ್ಮೇಲೆ ಅಲ್ಲಿಗೆ ಯಾರು ಕೈ ಹಾಕ್ತಾರೆ?" ಅಂದೆ.

ಅವನು ಕಾಲು ಗಂಟೆ ಉಜ್ಜಿದ. ಬಟ್ಟೆಯಿಂದ ಪುಡಿ ಒರೆಸಿ, ಪಕ್ಕಕ್ಕೆ ಸರಿದ.

"ಒಂದು ಸಲ ಕೈ ಆಡಿಸಿ ನೋಡು."

ಕಿಟಕಿಯಿಂದ ಕೈ ಹಾಕಿ ಅಂಚಿನ ಸುತ್ತ ಬೆರಳು ಆಡಿಸಿದೆ. ಎಲ್ಲೂ ತರಚಲಿಲ್ಲ.

"ಸರಿ ಇದೆ," ಅಂದೆ.

ಆಮೇಲೆ ಅವನು ತಗಡನ್ನು ಮತ್ತೆ ಜಾಗಕ್ಕೆ ಮಡಚಿ, ವೆಲ್ಡ್ ಮಾಡಿ ಮುಚ್ಚಿಬಿಟ್ಟ.